ತಸ್ಲೀಮಳಿಗೆ ಹಾಕದ ಮತ

ಬೆಟಗೇರಿ
೧೮ ಜನವರಿ ೨೦೨೨

ಪ್ರೀತಿಯ ತಸ್ಲೀಮ,

ಲಕ್ಷ್ಮೇಶ್ವರದ ಅಕ್ಕನ ಮನೆಯಲ್ಲಿ ಆರಾಮ ಇದ್ದೀಯಾ? ಪ್ರಚಾರದಲ್ಲಿ ಕಳೆದುಕೊಂಡ ದನಿ ಮರಳಿತೇ?

ಕಾಲೇಜಿನಲ್ಲಿ ಪೇಚಿಗೆ ಸಿಕ್ಕಿದ್ದೇನೆ. ಎಂ.ಎ. ಮಕ್ಕಳಿಗೆ ಈ ಸಲ ಅಮೆರಿಕದ ರಾಜಕಾರಣ ಪಾಠ. ಗ್ರಂಥಾಲಯಕ್ಕೆ ಒಂದೇ ಪುಸ್ತಕ ತರಿಸಬಹುದು. ಅಂಗಡಿಯವರು ನೋಡಲೆಂದು ಎರಡು ಕೊಟ್ಟುಹೋಗಿದ್ದಾರೆ. ಅಲ್ಲಿನ ಪಕ್ಷಗಳು ಹೇಗೆ ಹುಟ್ಟಿ ಬೆಳೆದವೆಂದು ಒಂದು ಹೇಳುತ್ತದೆ. ಮತದಾರರು ಯಾಕೆ ಹಾಗೆ ಮತ ಹಾಕುತ್ತಾರೆಂದು ಇನ್ನೊಂದು. ಎರಡನೆಯದೇ ಚೆನ್ನಾಗಿದೆ. ಆದರೂ ಮೊದಲನೆಯದಕ್ಕೇ ಚೀಟಿ ಬರೆದಿಟ್ಟೆ.

ಯಾಕೆಂದರೆ ಆ ಎರಡನೆಯದರಲ್ಲಿ ಒಂದು ಮಾತಿದೆ: ಬಹಳ ಜನ ಮೊದಲು ತಮ್ಮವರ ಪಕ್ಷ ಹಿಡಿಯುತ್ತಾರೆ, ಕಾರಣಗಳನ್ನು ಆಮೇಲೆ ಹುಡುಕಿಕೊಳ್ಳುತ್ತಾರೆ. ಓದಿದವಳೇ ಪುಸ್ತಕ ಮುಚ್ಚಿದೆ.

ನಗರಸಭೆಗೆ ನೀನು ನಿಂತೆ; ನಮ್ಮ ನೇಕಾರರ ಓಣಿಯಿಂದಲೂ ಒಬ್ಬರು ನಿಂತರು. ಊಟಕ್ಕೆ ಕೂತಾಗ ಅಪ್ಪ, “ನಮ್ಮ ಮಂದಿಯಾಂವ ನಿಂತಾನ. ಮನ್ಯಾಗಿನ ಎಲ್ಲಾ ಓಟು ಅವಗ ಬೀಳಬೇಕು,” ಅಂದರು. ನಾನು ಎದುರಾಡಲಿಲ್ಲ. ಮತಯಂತ್ರದ ಮುಂದೆ ನಿನ್ನ ಹೆಸರಿನವರೆಗೂ ಹೋದ ಬೆರಳನ್ನು ಕೆಳಗೆ ಸರಿಸಿದೆ. ನಿನಗಿನ್ನೂ ವಯಸ್ಸು ಸಾಲದು ಎಂದು ಹೊರಬರುವಾಗ ಸಮಾಧಾನ ಹೇಳಿಕೊಂಡೆ. ನಾವಿಬ್ಬರೂ ಒಂದೇ ವರ್ಷ ಶಾಲೆಗೆ ಸೇರಿದವರು; ಎಂ.ಎ.ಗೆ ಪಾಠ ಹೇಳಲು ನನಗೆ ಸಾಲುವ ವಯಸ್ಸು ನಿನಗೆ ಸಾಲದೇ!

ಎಣಿಕೆಯ ದಿನ ನೀನು ಸೋತು ನೇರ ನಮ್ಮ ಮನೆಗೇ ಬಂದೆ. ಕೈ ಹಿಡಿದು, “ನೀ ಹಾಕೀಯಲ್ಲ, ನನಗ ಅಷ್ಟ ಸಾಕಲೇ,” ಅಂದೆ. ನಾನು ಹೂಂ ಎಂದುಬಿಟ್ಟೆ. ಮತಕ್ಕಿಂತ ಆ ಹೂಂ ನನ್ನನ್ನು ಹೆಚ್ಚು ಸುಡುತ್ತಿದೆ.

ಇಂದು ಚೀಟಿ ಹರಿದು, ಎರಡನೆಯ ಪುಸ್ತಕಕ್ಕೇ ಬರೆದೆ. ಅದನ್ನು ಮಕ್ಕಳಿಗೆ ಕಲಿಸುವ ಮುನ್ನ ನಿನಗೆ ಖರೆ ಹೇಳಬೇಕಿತ್ತು. ಸಿಟ್ಟು ಮಾಡು, ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ನಿನ್ನ ಕ್ಷಮೆಗೆ ಕಾದಿರುವ
ವಿದ್ಯಾಶ್ರೀ

ತಾ.ಕ.: ಪತ್ರ ಯಾರಿಗೆಂದು ಅಪ್ಪ ಕೇಳಿದರು. ಎಲ್ಲ ಹೇಳಿದೆ. ಮಗ್ಗ ನಿಲ್ಲಿಸಿ, ಅವ್ವ ಇದ್ದ ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, “ನನ್ನ ಪಿಂಚಣಿ ಕಾಗದಕ್ಕಂತ ಆ ಹುಡುಗಿ ನಾಕು ಸಲ ಆಫೀಸಿಗೆ ಅಡ್ಡಾಡ್ಯಾಳ. ನಾ ಆಕಿಗೇ ಹಾಕೀನಿ. ನಿಮ್ಮವ್ವನ ಮುಂದ ಹೇಳಬ್ಯಾಡ,” ಅಂದರು.