ಬಾಗಿಲ ಜೊತೆಗೇ ಬಂದ ಬೀಗ

ಮಾರ್ಚ್ 3, ಬೆಳಗ್ಗೆ

ಅಂಗಡಿ ತೆರೆದೆ. ಬಾಗಿಲಿಗೆ ಅದರದೇ ಒಂದು ಬೀಗ, ಮೇಲೆ ನಾನು ಜಡಿದ ಎರಡು. ಒಟ್ಟು ಮೂರು. ತಂಗಿ ದಿನಾ ಗೊಣಗುತ್ತಾಳೆ — ದಾರದ ಉಂಡೆ ಕದಿಯೋಕೆ ಯಾರು ಬರ್ತಾರಣ್ಣಾ ಎಂದು. ಅವಳಿಗೇನು ಗೊತ್ತು. ಜೀವಮಾನವೆಲ್ಲ ಬೀಗ ರಿಪೇರಿ ಮಾಡಿದವನು ನಾನು. ಬ್ಯಾಂಕ್ ಮ್ಯಾನೇಜರ್ ತನ್ನ ಮನೆಯ ಹೊರಗೆ ತಾನೇ ಪಜಾಮದಲ್ಲಿ ಸಿಕ್ಕಿಹಾಕಿಕೊಂಡಾಗ ಯಾರನ್ನು ಕರೆಸಿದ? ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೇ ಮಾಸ್ತರರಿಗೆ ಸಾಕುಸಾಕೆನಿಸಿದ ಈ ಮಹಾನುಭಾವನನ್ನು!

ಗುಡಿಸಿದೆ. ಅಂದರೆ ಕಸವನ್ನು ಬಾಗಿಲ ಹಿಂದಕ್ಕೆ ತಳ್ಳಿದೆ. ತಂಗಿ ನೋಡಲಿಲ್ಲ. ಕಸೂತಿ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು.

ಹತ್ತು ಗಂಟೆಗೆ ಶಾಲೆಯ ಆಫೀಸು ಮೇಡಂ ಬಂದರು. ಮಕ್ಕಳ ಶರಟಿಗೆಲ್ಲ ಬ್ಯಾಡ್ಜ್ ಬೇಕಂತೆ — ನೀಲಿ ಬಟ್ಟೆಯ ಮೇಲೆ ಮಿಂಚುಳ್ಳಿ ಹಕ್ಕಿ. ಇಪ್ಪತ್ತೊಂದಕ್ಕೆ ಸ್ಯಾಂಪಲ್ ನೋಡುತ್ತಾರೆ. ಒಪ್ಪಿದರೆ ತಂಗಿಗೆ ವರ್ಷವಿಡೀ ಕೆಲಸ. ಒಪ್ಪದಿದ್ದರೆ ಅಂಗಡಿ ಮುಚ್ಚಿ ವಾಪಸ್ ಗಾರ್ಮೆಂಟ್ ಫ್ಯಾಕ್ಟರಿ... ಅಲ್ಲಿನ ಸೂಪರ್‌ವೈಸರ್ ತಿಂಗಳ ಕೊನೆಯೊಳಗೆ ಹೇಳು ಎಂದು ಕಾದು ಕೂತಿದ್ದಾನೆ. ಆ ಧೂಳಿನಲ್ಲಿ ಅವಳು ಕೆಮ್ಮಿದ್ದು ಸಾಕು.

ಮೇಡಂ ಹೋದ ಮೇಲೆ ತಂಗಿ ಕಂಪ್ಯೂಟರಿನಲ್ಲಿ ಹಕ್ಕಿ ಬಿಡಿಸಲು ಕೂತಳು. ಅಲ್ಲಿ ಬಿಡಿಸಿದ್ದನ್ನು ಪೆನ್‌ಡ್ರೈವಿಗೆ ಹಾಕಿ ಮೆಷಿನ್ನಿಗೆ ಚುಚ್ಚಿದರೆ ಅದು ತಾನೇ ಹೊಲಿಯುತ್ತದೆ. ಸಂಜೆಯ ಹೊತ್ತಿಗೆ ಮಿಂಚುಳ್ಳಿ ಜ್ವರ ಬಂದ ಕಾಗೆಯಂತಿತ್ತು. ಹಾಗೆಂದೆ. ಸ್ಕೇಲು ಎಸೆದಳು. ತಪ್ಪಿಸಿಕೊಂಡೆ.

ಮಾರ್ಚ್ 4

ಪೇಪರಿನಲ್ಲಿ ಓದಿದೆ. ಯಾವುದೋ ಅಂಗಡಿಯ ಕಂಪ್ಯೂಟರಿಗೆ ವೈರಸ್ ನುಗ್ಗಿ ಇದ್ದಬದ್ದ ಫೈಲೆಲ್ಲ ಮಂಗಮಾಯ. ನಮ್ಮ ಮಿಂಚುಳ್ಳಿ!

ತಂಗಿಯ ಮಗಳು ಚೂಟಿ ಆಸ್ಪತ್ರೆಯ ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ ಪೇಪರು ಅವಳ ಮೂಗಿಗೆ ಹಿಡಿದೆ.

"ಮಾವ, ನಮ್ಮ ಕಂಪ್ಯೂಟರಿನ ಜೊತೆಗೇ ಒಂದು ಕಾವಲು ಬಂದಿದೆ. ನಮಗೆ ಅದೇ ಸಾಕು. ಅಪ್‌ಡೇಟ್ ಮಾಡ್ಲಾ ಅಂತ ಅದು ಕೇಳಿದಾಗ 'ಆಮೇಲೆ' ಅಂತ ಒತ್ಬೇಡ. ನೀನು ಯಾವಾಗ್ಲೂ ಅದನ್ನೇ ಒತ್ತೋದು."

"ಜೊತೆಗೇ ಬಂದದ್ದಾ? ಬೀರು ಜೊತೆ ಬಂದ ಬೀಗನ ನಾನು ಹೇರ್‌ಪಿನ್ನಲ್ಲಿ ತೆಗೀತೀನಿ ಕಣೇ!"

"ತೆಗೆದು ಹೋದ ಸಲ ಏನ್ ಸಿಕ್ತು? ಅಮ್ಮನ ಹಳೇ ಸ್ವೆಟರು."

ಈಗಿನ ಮಕ್ಕಳಿಗೆ ಬಾಯಿ ಜಾಸ್ತಿ. ಬಾಗಿಲ ಜೊತೆ ಬಂದ ಬೀಗ ಬೀಗವೇ ಅಲ್ಲ — ಇದೇ ಮಾತು ಹೇಳಿ ನಾನು ಅರ್ಧ ಊರಿಗೆ ಬೀಗ ಮಾರಿದ್ದು. ಈಗ ಬದಲಾಯಿಸಲೇ?

ಮಾರ್ಚ್ 6, ಮಧ್ಯಾಹ್ನ

ತಂಗಿ ದಾರ ತರಲು ಹೋಗಿದ್ದಾಳೆ. ಕೈ ತುರಿಸಿತು.

ಆಂಟಿವೈರಸ್ ಎಂದು ಹುಡುಕಿದೆ. ಬಿಟ್ಟಿ! ಒಂದಲ್ಲ, ರಾಶಿ ರಾಶಿ. ಗುರಾಣಿಯ ಚಿತ್ರವಿದ್ದದ್ದು ಗಟ್ಟಿಮುಟ್ಟಾಗಿ ಕಂಡಿತು, ಹಾಕಿದೆ. ಹದ್ದಿನ ಚಿತ್ರದ್ದರ ಕಣ್ಣು ಚೆನ್ನಾಗಿತ್ತು, ಅದನ್ನೂ ಹಾಕಿದೆ. ಏನೇನೋ ಕೇಳಿದವು. ಎಲ್ಲಕ್ಕೂ ಹೂಂ, ಹೂಂ, ಹೂಂ. ಆಗಲೇ ಇನ್ನೊಂದು ಆಂಟಿವೈರಸ್ ಇದೆ, ತೆಗೆಯಲೇ ಎಂದಿತು ಹದ್ದು. ಇರಲಿ ಬಿಡು, ಜೊತೆಗಾರ ಎಂದುಕೊಂಡು 'ಬೇಡ' ಒತ್ತಿದೆ.

ತಮಾಷೆಯೆಂದರೆ, ಹೊರಗಿನವರು ಬಂದದ್ದೇ ತಡ, ಮೊದಲಿನಿಂದ ಇದ್ದ ಕಾವಲು ತಾನೇ ಪಕ್ಕಕ್ಕೆ ಸರಿದು ಆಫ್ ಆಗಿ ಕೂತಿತು. ನೋಡಿದಿರಾ ಪುಕ್ಕಲು! ಚೂಟಿಗೆ ಹೇಳುವುದಿಲ್ಲ. ಸಮಯ ಬಂದಾಗ ಹೇಳಿ ಮುಖ ನೋಡುತ್ತೇನೆ.

ಮಾರ್ಚ್ 9

ಕಾವಲುಗಾರರು ಚುರುಕಾಗಿದ್ದಾರೆ. ಗಳಿಗೆಗೊಮ್ಮೆ ಮೂಲೆಯಲ್ಲಿ ಕೆಂಪು ಚೌಕ — ಅಪಾಯ, ದುಡ್ಡು ಕೊಟ್ಟರೆ ದೊಡ್ಡ ಗುರಾಣಿ! ಅದನ್ನು ಮುಚ್ಚಿದರೆ ಹದ್ದು — ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ!

ನಿಧಾನವಾಗಿರುವುದು ನಿಜ. ತಂಗಿ ಬಟನ್ ಒತ್ತಿ, ಒಂದು ಲಂಗದ ಅಂಚು ಪೂರ್ತಿ ಹೊಲಿದು ತಿರುಗಿ ನೋಡಿದರೂ ಹಕ್ಕಿ ತೆರೆದಿರಲಿಲ್ಲ.

"ಅಣ್ಣಾ, ಇದೇನಿದು, ಹೊತ್ತಿಲ್ಲ ಗೊತ್ತಿಲ್ಲ, ಬಂದು ಕೂಗ್ತಾ ಇರುತ್ತೆ?"

"ಸೆಕ್ಯೂರಿಟಿ," ಎಂದೆ. ಗತ್ತಿನಲ್ಲಿ.

"ಯಾರಿಂದ ಸೆಕ್ಯೂರಿಟಿ? ನನ್ನಿಂದಲಾ?"

ದೊಡ್ಡವರು ಎಲ್ಲದಕ್ಕೂ ಉತ್ತರ ಕೊಡಬಾರದು.

ಮಾರ್ಚ್ 15

ಬರೆಯಲು ಮನಸ್ಸಿರಲಿಲ್ಲ. ಇವತ್ತೂ ಇಲ್ಲ. ಆದರೆ ಇನ್ನಾರ ಹತ್ತಿರ ಹೇಳಲಿ.

ಮೊನ್ನೆ ಹಕ್ಕಿ ಬಿಡಿಸುವ ಪ್ರೋಗ್ರಾಮೇ ಮಾಯ. ಮೆಷಿನ್ ಜೊತೆಗೆ ಕೊಟ್ಟಿದ್ದು, ಹಳೆಯದು. ಒತ್ತಿದರೆ ಇಲ್ಲ ಎನ್ನುತ್ತದೆ. ಅದಿಲ್ಲದೆ ಅರ್ಧ ಆದ ಮಿಂಚುಳ್ಳಿಯೂ ತೆರೆಯುವುದಿಲ್ಲ. ತಂಗಿ ಮೆಷಿನ್ ಮಾರಿದವರಿಗೆ ಫೋನ್ ಮಾಡಿದಳು. ಹೊಸದು ಕಳಿಸುತ್ತಾರಂತೆ — ಮುಂದಿನ ತಿಂಗಳು.

ತಂಗಿ ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಸಂಜೆ ಪೆಟ್ಟಿಗೆಯಿಂದ ಫ್ಯಾಕ್ಟರಿಯ ನೀಲಿ ಕೋಟು ತೆಗೆದು ಇಸ್ತ್ರಿ ಮಾಡುತ್ತಿದ್ದಳು. ಕಾಲರು, ತೋಳು, ಜೇಬು. ಇಷ್ಟು ನೀಟಾಗಿ ಯಾರೂ ಕೋಟು ಇಸ್ತ್ರಿ ಮಾಡಬಾರದು.

ನನ್ನ ಕೆಲಸವೇ ಇದು ಎಂದು ಒಳಗೆ ಯಾವುದೋ ಹಲ್ಲಿ ಲೊಚಗುಟ್ಟುತ್ತಿದೆ.

ಮಾರ್ಚ್ 16, ಭಾನುವಾರ

ಬೆಳಗ್ಗೆ ಚೂಟಿಯನ್ನು ಅಂಗಡಿಗೆ ಎಳೆದುಕೊಂಡು ಹೋದೆ. ಗುರಾಣಿ ತೋರಿಸಿದೆ. ಹದ್ದು ತೋರಿಸಿದೆ.

"ಮಾವ... ಎರಡೆರಡು ಹಾಕಿದ್ದೀಯಾ?"

"ಒಂದು ಮಲಗಿದ್ರೆ ಇನ್ನೊಂದು ಎದ್ದಿರಲಿ ಅಂತ."

"ಎರಡೂ ಒಂದನ್ನೊಂದು ಕಳ್ಳ ಅಂದ್ಕೊಂಡು ಗುದ್ದಾಡ್ತಾ ಇವೆ! ಅದಕ್ಕೇ ಆಮೆ ಥರ ಆಗಿರೋದು." ಆಮೇಲೆ ಸೊಂಟಕ್ಕೆ ಕೈ ಇಟ್ಟುಕೊಂಡಳು, ಥೇಟ್ ಅವಳಮ್ಮ. "ಬಿಟ್ಟಿ ಬೀಗ ಕೊಡೋನು ಒಂದು ಕೀಲಿ ತನ್ನ ಹತ್ರ ಇಟ್ಕೊಂಡಿರ್ತಾನೆ ಅಂತ ಗಿರಾಕಿಗಳಿಗೆ ಹೇಳ್ತಾ ಇದ್ದೋರು ಯಾರು?"

"ಯಾರೋ ತಿಳಿದೋನು ಇರ್ಬೇಕು."

"ಬಿಟ್ಟಿ ಸಿಗೋದೆಲ್ಲ ಕೆಟ್ಟದ್ದಲ್ಲ ಮಾವ. ಕೆಲವು ಒಳ್ಳೇವೂ ಇವೆ. ಆದ್ರೆ ಏನು ಕೇಳುತ್ತೆ ಅಂತ ಓದ್ದೆ ಹೂಂ ಅಂದ್ರೆ?"

ತಲೆ ಕೆರೆದುಕೊಂಡೆ. ಗುರಾಣಿಯ ಹೊಟ್ಟೆಯೊಳಗೆ ಒಂದು ಕೋಣೆ. ಅನುಮಾನ ಬಂದವರನ್ನು ಹಿಡಿದು ಅಲ್ಲಿ ಕೂಡಿಹಾಕುತ್ತದಂತೆ. ಚೂಟಿ ತೆರೆದಳು. ಒಬ್ಬನೇ ಒಬ್ಬ ಕೈದಿ — ನಮ್ಮ ಪ್ರೋಗ್ರಾಮು! ಹಳೆಯ ಮುಖ, ಪರಿಚಯವಿಲ್ಲ, ಅದಕ್ಕೇ ಒಳಗೆ ಹಾಕಿದೆ. ಕಳ್ಳನನ್ನು ಬಿಟ್ಟು ಮನೆಯೊಡತಿಯನ್ನೇ ಕೂಡಿಹಾಕುವ ಕಾವಲುಗಾರನನ್ನು ಎಲ್ಲಾದರೂ ಕಂಡಿದ್ದೇವೆಯೇ?

ತಕ್ಷಣ ಬಿಡಿಸು ಎಂದೆ. ಬಿಡಿಸಲಿಲ್ಲ, ಕಿಲಾಡಿ. ಮೊದಲು ಮೆಷಿನ್ ಮಾರಿದವರಿಗೆ ಫೋನ್ ಮಾಡಿದಳು. ಹೌದು, ಗುರಾಣಿ ಹೀಗೆ ಅಡ್ಡಗಾಲು ಹಾಕುತ್ತದೆಂದು ಬೇರೆಯವರೂ ದೂರಿದ್ದಾರೆ, ಫೈಲು ನಮ್ಮದೇ, ಭಯವಿಲ್ಲ ಎಂದರು. ಆಮೇಲೇ ಬಿಡಿಸಿದ್ದು.

ಮಿಂಚುಳ್ಳಿ ತೆರೆಯಿತು! ಅರ್ಧ ರೆಕ್ಕೆ, ಒಂದು ಕಣ್ಣು, ಜ್ವರ ಇನ್ನೂ ಇಳಿದಿರಲಿಲ್ಲ. ಅಷ್ಟು ಸುಂದರ ಹಕ್ಕಿಯನ್ನು ನಾನು ನೋಡಿಯೇ ಇಲ್ಲ.

ಅದರ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಬೇರೆ ಇಟ್ಟಳು. ಗುರಾಣಿ, ಹದ್ದು ಎರಡನ್ನೂ ನನ್ನ ಕೈಯಲ್ಲೇ ತೆಗೆಸಿದಳು. ಹದ್ದು ಹೋಗುವಾಗ ಅಳುಮುಖದ ಚಿತ್ರ ಹಾಕಿ, ನಿಜವಾಗಿ ಕಳಿಸುತ್ತೀರಾ ಎಂದು ಕೇಳಿತು. ಪಾಪ ಎನಿಸಿತು. ಆದರೂ ಒತ್ತಿದೆ. ಕಂಪ್ಯೂಟರ್ ಮತ್ತೆ ಶುರುವಾದಾಗ, ಪಕ್ಕಕ್ಕೆ ಸರಿದಿದ್ದ ಹಳೆಯ ಕಾವಲು ಯಾರೂ ಕರೆಯದೆ ತಾನೇ ಎದ್ದು ಬಂದು ಜಾಗದಲ್ಲಿ ನಿಂತಿತ್ತು. ಹಸಿರು ಗುರುತು. ಅಪ್‌ಡೇಟ್ ಮಾಡಲೇ ಎಂದಿತು. 'ಈಗಲೇ' ಒತ್ತಿದೆ. ಜೀವನದಲ್ಲಿ ಮೊದಲ ಸಲ.

ತಂಗಿಗೆ ಹೇಳಿದೆ, ಮಾಡಿದ್ದು ನಾನೇ ಎಂದು. ನನ್ನನ್ನು ನೋಡಿದಳು. ಮೇಜೆಲ್ಲ ತಡಕಿದಳು. "ಸ್ಕೇಲು ಎಲ್ಲಿಟ್ಟೆ ನಾನು?" ಎಂದಳು.

ಬದುಕಿದೆ. ಎಸೆಯಲು ಹುಡುಕುತ್ತಿದ್ದಾಳೆಂದರೆ ಎಲ್ಲ ಸರಿಹೋಯಿತೆಂದೇ ಅರ್ಥ.

ಮಾರ್ಚ್ 18

ಆಫೀಸು ಮೇಡಂ ಶಾಲೆಯ ಹೆಸರು ಬರೆಸಿದ ಅಕ್ಷರಗಳನ್ನು ಪೆನ್‌ಡ್ರೈವಿನಲ್ಲಿ ಕಳಿಸಿದ್ದರು. ತಂಗಿ ಚುಚ್ಚಿದಳು. ನಾನು ಬೆನ್ನ ಹಿಂದೆ ನಿಂತಿದ್ದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು.

ಮೂಲೆಯಲ್ಲಿ ಒಂದು ಸಣ್ಣ ಚೌಕ ಬಂತು. ಇದರಲ್ಲಿ ವೈರಸ್ ಇತ್ತು, ತಡೆದಿದ್ದೇನೆ. ಅಷ್ಟೇ! ಕೂಗಲಿಲ್ಲ. ದುಡ್ಡು ಕೊಡಿ ಎನ್ನಲಿಲ್ಲ. ಹಿಡಿಯಿತು, ಹೇಳಿತು, ಸುಮ್ಮನಾಯಿತು. ಹಕ್ಕಿ ತನ್ನ ಪಾಡಿಗೆ ತಾನು ಕೂತಿತ್ತು.

ಮೇಡಂಗೆ ಫೋನ್ ಮಾಡಿದೆವು. ಪಾಪ, ಗಾಬರಿಯಾಗಿ ಅಕ್ಷರಗಳನ್ನು ಬೇರೆ ದಾರಿಯಲ್ಲಿ ಕಳಿಸಿದರು. "ನಮ್ಮಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ, ನಿಮ್ಮಲ್ಲಿ ಹೇಗೆ ಸಿಕ್ತು?" ಎಂದರಂತೆ. "ನಮ್ಮಣ್ಣ ಸೆಕ್ಯೂರಿಟಿ ನೋಡ್ಕೋತಾನೆ," ಎಂದಳು ತಂಗಿ. ನಗದೆ ಹೇಳಿದಳು! ನಾನೂ ನಗದೆ ಒಪ್ಪಿಕೊಂಡೆ.

ಸಂಜೆ ಚೂಟಿ ಹಲ್ಲು ಬಿಟ್ಟುಕೊಂಡು ಬಂದಳು. "ಏನ್ ಮಾವ, ಜೊತೆಗೇ ಬಂದ ಬೀಗ ಹೇಗಿದೆ?"

"ಬೀಗ ಚೆನ್ನಾಗಿದೆ ಅಂದೆ. ನೀನು ಗೆದ್ದೆ ಅನ್ನಲಿಲ್ಲ."

ಮಾರ್ಚ್ 20, ಸಂಜೆ

ಮೆಷಿನ್ ಬೆಳಗ್ಗಿನಿಂದ ಟಕಟಕಟಕ. ಮೊದಲ ಹಕ್ಕಿಯ ಕೊಕ್ಕು ಸೊಟ್ಟ. ಎರಡನೆಯದಕ್ಕೆ ಎದೆಯ ಕಿತ್ತಳೆ ಹೆಚ್ಚಾಯಿತು. ಮೂರನೆಯದು... ನಿಜವಾಗಿ, ಈಗಲೋ ಆಗಲೋ ನೀರಿಗೆ ಧುಮುಕುವಂತಿದೆ. ಕೊಕ್ಕು ಒಂದಿಷ್ಟು ಕೆಳಕ್ಕೆ ಬಗ್ಗಲಿ ಎಂದು ಹೇಳಿದ್ದು ನಾನು. ತಂಗಿ ಇಲ್ಲವೆನ್ನುತ್ತಾಳೆ. ನಾನೇ.

ಕೊನೆಯ ಸ್ಯಾಂಪಲಿಗೆ ನೀಲಿ ಬಟ್ಟೆ ಸಾಲಲಿಲ್ಲ. ಬಟ್ಟೆ ಅಂಗಡಿ ಮುಚ್ಚಿತ್ತು. ತಂಗಿ ಗೂಟದಿಂದ ಫ್ಯಾಕ್ಟರಿ ಕೋಟು ಇಳಿಸಿ, ಮೇಜಿನ ಮೇಲೆ ಬೋರಲು ಹಾಸಿ, ಬೆನ್ನಿನ ನಟ್ಟನಡುವೆ ಕತ್ತರಿ ಇಟ್ಟಳು. ಕರ್ರ್...

"ಏಯ್! ನಾಳೆ ಒಪ್ಪದೇ ಹೋದ್ರೆ?"

"ಬೆನ್ನಿಲ್ಲದ ಕೋಟು ಹಾಕ್ಕೊಂಡು ಹೋಗ್ತೀನಿ. ಸೆಕೆಗಾಲ, ಗಾಳಿಯಾಡುತ್ತೆ."

ನಕ್ಕಳು. ಎಷ್ಟು ದಿನವಾಗಿತ್ತು ಹೀಗೆ ನಕ್ಕು.

ಮಾರ್ಚ್ 21, ಬೆಳಗ್ಗೆ

ಎಲ್ಲರಿಗಿಂತ ಮೊದಲು ಬಂದೆ. ಬಾಗಿಲಿನಿಂದ ನನ್ನ ಎರಡೂ ಬೀಗ ಬಿಚ್ಚಿ ಡಬ್ಬಿಗೆ ಹಾಕಿದೆ. ಅದರದೇ ಬೀಗಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟೆ. ಇಷ್ಟು ವರ್ಷ ಸರಿಯಾಗಿ ನೋಡಿಯೇ ಇರಲಿಲ್ಲ. ಒಳಗಿನ ಹಲ್ಲು ಒಂದೂ ಸವೆದಿಲ್ಲ. ಯಾರೋ ಕೆಲಸ ಬಲ್ಲವನು ಮಾಡಿದ್ದು. ಬಾಗಿಲ ಹಿಂದಿನ ಕಸವನ್ನೂ ಎತ್ತಿ ಎಸೆದೆ. ತಂಗಿ ಬಂದವಳು ಬಾಗಿಲು ನೋಡಿದಳು, ನೆಲ ನೋಡಿದಳು, ನನ್ನ ಹಣೆ ಮುಟ್ಟಿ ನೋಡಿದಳು.

ಚಿಲಕ ಸರಿಯಿಲ್ಲ, ಬಾಗಿಲು ತಾನೇ ತೆರೆದುಕೊಳ್ಳುತ್ತದೆಂದು ಒಳಗಿನಿಂದ ಬೀಗ ತಿರುಗಿಸಿಯೇ ಕೂತಿದ್ದೇವೆ, ಹತ್ತು ಗಂಟೆ ಹೊಡೆಯಲೆಂದು. ಮೇಜಿನ ಮೇಲೆ ಬಿಳಿ ಹಾಳೆ, ಅದರ ಮೇಲೆ ಮಿಂಚುಳ್ಳಿ. ತಂಗಿ ಅದನ್ನು ಎಡಕ್ಕೆ ಸರಿಸುತ್ತಾಳೆ, ಬಲಕ್ಕೆ ಸರಿಸುತ್ತಾಳೆ. ನಾನು ಬರೆಯುತ್ತಿರುವಂತೆ ನಟಿಸುತ್ತಿದ್ದೇನೆ.

ಹೊರಗೆ ಹೆಜ್ಜೆ ಸದ್ದು. ಕಿಟಕಿಯಲ್ಲಿ ಆಫೀಸು ಮೇಡಂ. ಜೊತೆಗೆ ಇನ್ನೊಬ್ಬರು — ಕನ್ನಡಕ, ಕೈಯಲ್ಲಿ ಒಂದು ಪುಟ್ಟ ಶರಟು. ಅಳತೆ ನೋಡಲು ಶರಟನ್ನೇ ತಂದಿದ್ದಾರೆ! ಒಪ್ಪುವ ಮನಸ್ಸಿಲ್ಲದವರು ಶರಟು ತರುತ್ತಾರೆಯೇ?

"ಅಣ್ಣಾ, ಬರೆದಿದ್ದು ಸಾಕು, ಬಾಗಿಲು!"

ಒಂದೇ ಬೀಗ, ಒಂದೇ ತಿರುವು. ಇಗೋ, ಹೋಗಿ ತೆರೆಯುತ್ತೇ—