ಕೆಸರೆತ್ತಲು ಬಾರದವರು

ಕಮಿನೋಸೆ
ಜೂನ್ ೯

ಪ್ರೀತಿಯ ಸಯೋರಿ ಅಕ್ಕನಿಗೆ,

ಇವತ್ತು ಬೆಳಿಗ್ಗೆ ಬಾಗಿಲ ಬಳಿ ಅಪ್ಪನ ರಬ್ಬರ್ ಬೂಟುಗಳು ಮನೆಯ ಕಡೆಗೆ ಮೂತಿ ಮಾಡಿಕೊಂಡು ನಿಂತಿದ್ದವು. ಒಂದರ ಒಳಗೆ ಜೇಡ ಬಲೆ ಕಟ್ಟಿತ್ತು. ಕಾಲಿಂದ ತೆಗೆದ ಕೂಡಲೇ ಹೊರಮುಖವಾಗಿ ತಿರುಗಿಸಿ ಇಡದಿದ್ದಕ್ಕೆ ನಾವಿಬ್ಬರೂ ಎಷ್ಟು ಬೈಸಿಕೊಂಡಿದ್ದೇವೆ, ನೆನಪಿದೆಯಲ್ಲ? ನಾಟಿ ಮುಗಿದ ಗದ್ದೆಗೆ ನೀರು ನೋಡಲು ಅಪ್ಪ ಈಗ ಹೋಗುತ್ತಿಲ್ಲ. ಯಸುಯೋ ಅತ್ತೆ ತಮ್ಮ ಗದ್ದೆಗೆ ಹೋದಾಗ ನಮ್ಮದಕ್ಕೂ ನೀರು ತಿರುಗಿಸಿ ಬರುತ್ತಾರೆ.

ನಿನ್ನ ಪತ್ರ ಬಂದು ತುಂಬ ದಿನವಾಯಿತು. ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಮಳೆಯ ಸುದ್ದಿ ಬರೆದು ಹರಿದು ಹಾಕಿದ್ದೇನೆ. ನೀನು ಕಳಿಸಿದ ಹುರುಳಿ ಸಿಹಿಯ ಡಬ್ಬಿ ತಲುಪಿತು. ಅಮ್ಮನ ಪಟದ ಮುಂದೆ ಇಟ್ಟಿದ್ದೇವೆ. ಮೊಮ್ಮಗ ರಿಂತನಿಗೆ ಹಲ್ಲು ಬೀಳಲು ಶುರುವಾಗಿದೆ ಎಂದು ಓದಿ ಅಪ್ಪ ನಕ್ಕರು.

"ಸಭೆಯಲ್ಲಿ ಅಪ್ಪ ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ಮನಸ್ಸು ಹಗುರವಾಯಿತು" ಎಂದು ಬರೆದಿದ್ದೀಯ. ಉತ್ತರ ಬರೆಯಲು ಕೈ ಬಾರದೆ ಹೋದದ್ದು ಆ ಒಂದು ಸಾಲಿಗೇ.

ನದಿ ಸಮಿತಿಯ ಆ ಸಭೆಯ ಹಿಂದಿನ ದಿನ ಊರಿನವರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ಇಸಾಗೊ ಹೊಳೆಯ ಒಡ್ಡಿನಲ್ಲಿ ನೆರೆ ಕೆಳಗಿನ ಶಿಮೋಬಾಕ್ಕೆ ನುಗ್ಗದೆ ನಮ್ಮ ಗದ್ದೆಗೆ ಹರಿಯಲೆಂದು ಹಿಂದಿನವರು ಬೇಕೆಂದೇ ಬಿಟ್ಟ ಕಂಡಿಯನ್ನು ಹಾಗೇ ಇರಿಸಿ, ನಮ್ಮ ಗದ್ದೆಗಳನ್ನು ಆಳಕ್ಕೆ ಅಗೆದು, ಸರ್ಕಾರದವರು ನೆರೆಯನ್ನು ನಿಲ್ಲಿಸುವ ದೊಡ್ಡ ಹೊಂಡ ಮಾಡುತ್ತಾರೆ, ಮನೆಯವರನ್ನೆಲ್ಲ ಗುಡ್ಡದಾಚೆಯ ಸರ್ಕಾರಿ ಕಟ್ಟಡಕ್ಕೆ ಸಾಗಿಸುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಬೇಡ ಎನ್ನುವುದೆಂದು ತೀರ್ಮಾನವಾಯಿತು. ಕಂಡಿ ಇರಲಿ, ನೀರೂ ಬರಲಿ, ಎಂದಿನಂತೆ ಬಂದು ಹೋಗಲಿ. ಊರು ಮಾತ್ರ ಜಾಗ ಬಿಟ್ಟು ಏಳುವುದಿಲ್ಲ. ಅದನ್ನು ಊರ ಮುಖ್ಯಸ್ಥರಾಗಿ ಅಪ್ಪ ಹೇಳಬೇಕು.

"ಮಾತು ಹೊರಡದಿದ್ರೆ ಸುಮ್ನೆ ಕೆಮ್ಮು ಮಾರಾಯ, ನಾವು ಅರ್ಥ ಮಾಡ್ಕೋತೀವಿ" ಎಂದರು ಇಸಾಬುರೊ ಅಜ್ಜ.

"ನಿಮ್ಮ ಕೆಮ್ಮಿಗೇ ಅರ್ಥ ಇಲ್ಲ, ಇನ್ನು ಅವರ ಕೆಮ್ಮು ಬೇರೆ" ಎಂದು ಯಸುಯೋ ಅತ್ತೆ ಚಹಾ ಸುರಿದರು. ಆಮೇಲೆ ಅವರೇ ತಣ್ಣಗೆ, "ಮೊದ್ಲೆಲ್ಲ ನಾವು ನೆರೆ ನೀರು ತಗೋತಿದ್ವಿ, ಕೆಳಗಿನೋರು ಬಂದು ಕೆಸರು ಎತ್ತಿಕೊಡ್ತಿದ್ರು. ಈಗ ನೀರೂ ನಮ್ದೇ, ಕೆಸರೂ ನಮ್ದೇ" ಎಂದರು. ನೆರೆ ಇಳಿದ ಮೂರನೆಯ ದಿನ ಶಿಮೋಬಾದಿಂದ ಗುದ್ದಲಿ ಹೊತ್ತು ಸಾಲಾಗಿ ಬರುತ್ತಿದ್ದವರನ್ನು ನೀನೂ ನೋಡಿದ್ದೀಯ. ನಾವು ಚಿಕ್ಕವರಿದ್ದಾಗ ಅದು ನಮಗೆ ಹಬ್ಬದ ಹಾಗಿತ್ತು.

ಸಭೆಯಲ್ಲಿ ನಾನು ಎಂದಿನಂತೆ ಮೂಲೆಯ ಮೇಜಿನಲ್ಲಿ ನಡಾವಳಿ ಬರೆಯಲು ಕೂತಿದ್ದೆ. ಸಾಹಿತ್ಯ ಓದಿದವಳಿಗೆ ನದಿ ಸಮಿತಿ ಕೊಟ್ಟ ಕೆಲಸ ಇದೊಂದೇ. ಮಾತಾಡಬೇಕಿಲ್ಲವಲ್ಲ ಎಂದು ಖುಷಿಯಿಂದಲೇ ಸೇರಿದ್ದೆ. ಅಧಿಕಾರಿ ಕುರಾಮೊಚಿಯವರು ಗೋಡೆಗೆ ದೊಡ್ಡ ಚಿತ್ರ ತೂಗುಹಾಕಿದ್ದರು. ಊರ ನಡುವಿನ ಹಳ್ಳಕ್ಕೆ ಕಟ್ಟಿದ ಕಾಂಕ್ರೀಟು ತೆಗೆದು, ಕಲ್ಲು ಹರಡಿ, ಮೀನು ಮಿಂಚುಹುಳ ಮರಳಿ ಬರುವಂತೆ ಮಾಡುತ್ತಾರಂತೆ. ಚಿತ್ರದಲ್ಲಿ ಮಕ್ಕಳು ಬಲೆ ಹಿಡಿದು ನಿಂತಿದ್ದರು. ನಮ್ಮ ಮನೆ ಇರುವಲ್ಲಿ ಒಂದು ಬೆಂಚು ಇತ್ತು. ಹಳ್ಳ ಬದುಕುತ್ತದೆ, ನಾವು ಮಾತ್ರ ಆ ಚಿತ್ರದಲ್ಲಿ ಎಲ್ಲೂ ಇಲ್ಲ.

ಅಪ್ಪ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. ಆಗಲೇ ಶಿಮೋಬಾದ ನಿಮ್ಮ ಹೊಸ ಬಡಾವಣೆಯವರು ಒಳಗೆ ಬಂದದ್ದು, ಮುಂದೆ ರಿಂತನ ಕೈ ಹಿಡಿದು ನೀನು.

ನೀನು ಬರುವುದು ನನಗೆ ಗೊತ್ತಿರಲಿಲ್ಲ ಅಕ್ಕ. ರಿಂತ "ತಾತಾ!" ಎಂದು ಕೂಗಿದ. ಇಡೀ ಸಭೆ ನಕ್ಕಿತು. ನೀನು ಸೊಂಟ ಬಗ್ಗಿಸಿ, ಅಪ್ಪನನ್ನು ಅಪ್ಪ ಎನ್ನದೆ "ಕಮಿನೋಸೆಯ ಮುಖ್ಯಸ್ಥರೇ" ಎಂದು ಕರೆದು, ಗದ್ದೆ ಮನೆ ಬಿಟ್ಟುಕೊಡುತ್ತಿರುವುದಕ್ಕೆಂದು ಬಡಾವಣೆಯ ಸಂಘ ಬರೆದುಕೊಟ್ಟ ಕೃತಜ್ಞತೆಯ ಮಾತುಗಳನ್ನು ಓದಿದೆ. ಚೆನ್ನಾಗಿಯೇ ಓದಿದೆ. ಅಪ್ಪ ನಿಂತೇ ಕೇಳಿದರು, ತಾವೂ ಬಗ್ಗಿ ನಮಸ್ಕರಿಸಿದರು, ಕೂತುಬಿಟ್ಟರು.

"ಮೇಲಿನ ಊರಿನವರಿಂದ ಆಕ್ಷೇಪಣೆ ಇದೆಯೇ?" ಎಂದು ಕುರಾಮೊಚಿ ಕೇಳಿದರು. ಮುಖ್ಯಸ್ಥರು ಬಾಯಿ ತೆರೆಯುವ ಮೊದಲು ನಮ್ಮ ಊರಿನಲ್ಲಿ ಯಾರೂ ಮಾತಾಡುವವರಲ್ಲ. ಇಸಾಬುರೊ ಅಜ್ಜ ಅಪ್ಪನನ್ನೇ ನೋಡುತ್ತಿದ್ದರು, ಕೆಮ್ಮಿಗೆ ಕಾಯುವವರ ಹಾಗೆ. ಹಿಂದೆ ಎಲ್ಲೋ ಬೀಸಣಿಗೆ ಆಡುವ ಸದ್ದು. ಕುರಾಮೊಚಿ ಮತ್ತೊಮ್ಮೆ ಕೇಳಿ, ಧನ್ಯವಾದ ಹೇಳಿ, ನನ್ನ ಕಡೆ ತಿರುಗಿ ತಲೆಯಾಡಿಸಿದರು. ಆಕ್ಷೇಪಣೆ ಇಲ್ಲ ಎಂದು ನಾನೇ ಬರೆದೆ.

ಹೊರಗೆ ಬಂದ ಮೇಲೆ ಇಸಾಬುರೊ ಅಜ್ಜ, "ಮೊಮ್ಮಗ ಒಂದ್ಸಲ ತಾತಾ ಅಂದಿದ್ದಕ್ಕೆ ಊರನ್ನೇ ಉಡುಗೊರೆ ಕೊಟ್ಬಿಟ್ಯಲ್ಲಪ್ಪ" ಎಂದರು. ಅಪ್ಪ ನಕ್ಕರು. ಅಜ್ಜನೂ ನಕ್ಕರು. ಆಮೇಲೆ ಅಜ್ಜ ಸೈಕಲ್ ಹತ್ತಲಾರದೆ ತಳ್ಳಿಕೊಂಡೇ ಹೋದರು. ಅವತ್ತಿನಿಂದ ನಮ್ಮ ಮನೆಗೆ ಬಂದಿಲ್ಲ. ಅಪ್ಪನೂ ಹೊರಗೆ ಹೋಗಿಲ್ಲ.

ನಿನ್ನನ್ನು ದೂರುತ್ತಿಲ್ಲ. ಕಂಡಿ ಮುಚ್ಚಿದರೆ ನೀರು ಎಲ್ಲಿಗೆ ನುಗ್ಗುತ್ತದೆ ಎನ್ನುವ ನಕ್ಷೆಯನ್ನು ನಾನು ನೋಡಿದ್ದೇನೆ. ನಿನ್ನ ಮನೆಯ ಬೀದಿ ಅದರಲ್ಲಿ ಪೂರ್ತಿ ನೀಲಿ. ಹೊಂಡ ಮಾಡದೆ ಕಂಡಿಯನ್ನಷ್ಟೇ ಬಿಟ್ಟರೂ ಈಗಿನ ಮಳೆಗೆ ಸಾಲುವುದಿಲ್ಲವಂತೆ. ಲೆಕ್ಕ ತಪ್ಪಿಲ್ಲ ಎಂದು ನನಗೂ ಅನ್ನಿಸುತ್ತದೆ. ನಾವು ಉಳಿದರೆ ರಿಂತ ಮಲಗುವ ಕೋಣೆಗೆ ನೀರು. ಇದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ದಾರಿ ಕಾಣುವುದಿಲ್ಲ. ಮುಂಗಾರಿನ ಮೋಡ ಗುಡ್ಡದ ಮೇಲೆ ಕೂತಿದೆ. ಸಸಿಗಳು ಹಸಿರಾಗಿ ಚೆನ್ನಾಗಿಯೇ ಬಂದಿವೆ, ಅದನ್ನು ನೋಡುವುದೇ ಕಷ್ಟ.

ಭಾವನಿಗೆ ನನ್ನ ನಮಸ್ಕಾರ ಹೇಳು. ರಿಂತನ ಹೊಸ ಹಲ್ಲುಗಳು ನೆಟ್ಟಗೆ ಬರಲಿ, ಅವನು ಮಲಗುವ ಕೋಣೆ ಯಾವಾಗಲೂ ಒಣಗಿಯೇ ಇರಲಿ. ಇದನ್ನು ಮನಸ್ಸಿಟ್ಟೇ ಹಾರೈಸುತ್ತೇನೆ.

ನಿನ್ನ ತಂಗಿ,
ಫುಯುಮಿ

ಮರೆತ ಮಾತು: ಮರೆತದ್ದಲ್ಲ. ಅಮ್ಮ ಅಡುಗೆಮನೆಯಲ್ಲಿ ಕುಸಿದಳು ಎಂದು ನಿನಗೆ ಹೇಳಿದ್ದೆವು. ಅಲ್ಲ. ಹಿಂದಿನ ನೆರೆ ಇಳಿದ ಮೂರನೆಯ ದಿನ ಅಮ್ಮ ಬೆಳಗಾಗುವ ಮೊದಲೇ ಎದ್ದು ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿ, ಕೆಸರೆತ್ತಲು ಬರುವವರಿಗೆಂದು ಉಂಡೆ ಕಟ್ಟಿಟ್ಟಳು. "ಸಯೋರಿ ಬರ್ತಾಳೆ, ಅವಳಿಗೆ ಉಪ್ಪು ಪ್ಲಮ್ ಹಾಕಿದ್ದು ಬೇರೆ ಇಡು" ಎಂದಳು. ಮಧ್ಯಾಹ್ನದವರೆಗೂ ರಸ್ತೆ ನೋಡಿದಳು. ಯಾರೂ ಬರಲಿಲ್ಲ. "ದಾರಿ ಕೆಟ್ಟಿರ್ಬೇಕು ಪಾಪ" ಎಂದು ತಾನೇ ಗುದ್ದಲಿ ತೆಗೆದುಕೊಂಡು ಗದ್ದೆಗೆ ಇಳಿದಳು. ನಾನು ನೀರು ಒಯ್ದಾಗ ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದಿದ್ದಳು.

"ದೊಡ್ಡವಳಿಗೆ ಹೇಳ್ಬೇಡ. ಅವಳು ಆ ಜನರ ಮಧ್ಯೆ ಬಾಳ್ಬೇಕು" ಎಂದು ಆಸ್ಪತ್ರೆಯಲ್ಲಿ ಅಪ್ಪ ನನ್ನ ಕೈ ಹಿಡಿದುಕೊಂಡರು. ಸಭೆಯಲ್ಲಿ ಅವರು ಬಾಯಿ ಮುಚ್ಚಿ ಕೂತದ್ದೂ ಇದೇ ಕಾರಣಕ್ಕೆ. ಮಾತು ಶುರುಮಾಡಿದ್ದರೆ ನಿನ್ನ ಎದುರಿಗೇ ಇದೂ ಬಂದುಬಿಡುತ್ತಿತ್ತು.

ಮುಂದಿನ ಸಭೆ ಈ ತಿಂಗಳ ಕೊನೆಗೆ. ಏನೂ ಬದಲಾಗುವುದಿಲ್ಲ, ಗೊತ್ತು. ನಡಾವಳಿ ಬರೆಯಲು ಬೇರೆಯವರನ್ನು ನೋಡಿಕೊಳ್ಳಿ ಎಂದು ಕುರಾಮೊಚಿಯವರಿಗೆ ನಿನ್ನೆ ಹೇಳಿ ಬಂದೆ. ಅವತ್ತು ನಾನು ಅಪ್ಪನ ಪಕ್ಕದಲ್ಲಿ, ನಿಮ್ಮ ಎದುರಿಗೆ ಕೂರುತ್ತೇನೆ.