ಮ್ಯಾಲಿನ ನೀರು

ಅಕ್ಕಾ ದ್ಯಾಮಕ್ಕ,

ನಾನಬೇ, ನಿನ್ನ ತಮ್ಮ ಗಾದೆಪ್ಪ. ಈ ಕ್ಯಾಸೆಟ್ಟು ಮಾಗಳದ ಬಸ್ಸಿನ ಕಂಡಕ್ಟರ್ ಯರ್ರಿಸ್ವಾಮಿ ಕೈಯಾಗ ಕಳಸ್ತೀನಿ. ಕಾಗದ ಬರದ್ರ ನಿನ್ನ ಮಗಳು ರೋಜಾ ಓದಿ ಹೇಳಬೇಕಾಗತೈತಿ. ನನ್ನ ತಪ್ಪು ಅಕಿ ಬಾಯಿಂದ ಕೇಳೋದು ಬ್ಯಾಡ, ನನ್ನ ಬಾಯಿಂದಾನ ಕೇಳು. ಮೊದಲ ಹೇಳಬೇಕಾದ್ದು ಹೇಳಿಬಿಡ್ತೀನಿ, ಆಮ್ಯಾಲ ನನ್ನ ಮಾತು ಎಲ್ಲೆಲ್ಲಿಗೋ ಹೊಕ್ಕಾವು, ನಿನಗ ಗೊತ್ತೈತಿ. ಐತವಾರ ಬರಬ್ಯಾಡ. ರೋಜಾನ್ನ, ಕೂಸಿನ್ನ ಕರಕೊಂಡು ಬರಬ್ಯಾಡ. ನಮ್ಮ ಬಾವಿ ನೀರು ಚೊಲೊ ಆಗಿಲ್ಲ.

ಹೋದ ತಿಂಗಳು ಇದ ಯರ್ರಿಸ್ವಾಮಿ ಕಡಿಂದ ‘ನೀರು ಸ್ವಚ್ಛ ಐತಿ, ಕೂಸಿನ್ನ ಕರಕೊಂಡು ಬಾ, ಬಾವಿ ದಂಡಿಗೆ ಗಂಗವ್ವನ ಪೂಜಿ ಮಾಡೋಣು, ತವರುಮನಿ ನೀರು ತುಟಿಗೆ ಹಚ್ಚೋಣು’ ಅಂತ ಹೇಳಿ ಕಳಿಸಿದಾವ ನಾನ. ಹೌದು. ಅವತ್ತು ನಂಬಿದ್ದೆ, ಅದಕ್ಕ ಹೇಳಿದ್ದೆ.

ಎರಡು ಸಾವಿರದ ಒಂದರಾಗ ರಸ್ತಿ ಮಗ್ಗಲ ಬಂಕಿನ ಡೀಸೆಲ್ ಟ್ಯಾಂಕು ನೆಲದೊಳಗ ತೂತಾಗಿ ಸೋರಿದ್ದು ನೀನ ಕಂಡೀದಿ. ನಮ್ಮ ಬಾವಿ ನೀರಿನ ಮ್ಯಾಲ ಬಣ್ಣಬಣ್ಣದ ಪೊರಿ ಕಟ್ಟಿತ್ತು. ಆಮ್ಯಾಲ ನೀರು ಪರೀಕ್ಷಿ ಮಾಡೋ ಅರ್ಚನಾ ಮೇಡಮ್ಮು ಬಂದ್ರು, ಬಂಕಿಗೂ ನಮ್ಮ ಬಾವಿಗೂ ನಡುವ ಮೂರು ಬೋರು ಕೊರಸಿದ್ರು. ಕುಡಿಯಾಕಲ್ಲ, ನೋಡಾಕ. ಒಂದು ಮೋಟ್ರು ಇಟ್ಟು ಹೊಲಸು ನೀರು ಎತ್ತಿ, ಇದ್ದಲಿ ತುಂಬಿದ ಡ್ರಮ್ಮಿನ್ಯಾಗ ಹಾಯಿಸಿ ಬಿಟ್ರು. ಹದಿನೈದು ದಿನಕ್ಕೊಮ್ಮೆ ಮೂರೂ ಬೋರಿಂದ ಸೀಸಾದಾಗ ನೀರು ಹಿಡದು ಲ್ಯಾಬಿಗೆ ಕಳಸೋ ಕೆಲಸ ನನಗ ಕೊಟ್ರು. ಎಷ್ಟು ಬೀಗಿದ್ದೆ ನಾನು! ತಲಿಗೆ ಹೊಸಾ ಟವಲ್ಲು ಸುತ್ತಿಕೊಂಡು ಹೋಗತಿದ್ದೆ, ನೀ ನಗತಿದ್ದಿ, ‘ಏನಲೇ, ಬೋರಿಗೆ ಹೆಣ್ಣು ಕೇಳಾಕ ಹೊಂಟೀಯೇನು?’ ಅಂತಿದ್ದಿ.

ಐದು ತಿಂಗಳು ಲ್ಯಾಬಿನ ಕಾಗದ ಚೊಲೊ ಬಂತು. ಮೋಟ್ರು ನಿಲ್ಲಿಸಿದ್ರು. ‘ನೀರು ಕುಡಿಯಬಹುದು’ ಅಂತ ಬೋರ್ಡು ನಾನ ಬರದು ಬಾವಿ ಕಟ್ಟಿಗೆ ಬಡದೆ.

ಆಗ ನೀ ಒಬ್ಬಾಕಿ ಬ್ಯಾಡ ಅಂದಿ. ಶೀಗಿ ಹುಣ್ಣಿಮಿ ಹಿಂದಿನ ದಿನ, ಕಟ್ಟಿ ಮ್ಯಾಲ ಅಷ್ಟೂ ಮಂದಿ ಕುಂತಿದ್ರು, ಮೇಡಮ್ಮೂ ಇದ್ರು. ‘ನಮ್ಮ ಕುರಿ ಬಾನಿ ನೀರು ಮೂಸಿ ಹಿಂದ ಸರಿಯಾಕತ್ಯಾವು, ಇನ್ನೊಮ್ಮೆ ನೋಡ್ರಿ’ ಅಂದಿ. ನಾ ಏನಂದೆ? ‘ಮೇಡಂ, ನಿಮ್ಮ ಲ್ಯಾಬು ಮುಚ್ಚಿಬಿಡ್ರಿ, ನಮ್ಮಕ್ಕನ ಕುರಿ ಪರೀಕ್ಷಿ ಪಾಸ್ ಮಾಡ್ಯಾವು’ ಅಂದೆ. ಹಾಲೇಶಪ್ಪ ಅಂತೂ ಹೊಟ್ಟಿ ಹಿಡಕೊಂಡು ನಕ್ಕ. ಮರುದಿನಾನೂ ನಿನ್ನ ಕಂಡಕೂಡ್ಲೆ ಅವರಿವರು ಬ್ಯಾ ಬ್ಯಾ ಅಂದ್ರು. ನಾ ತಡೀಲಿಲ್ಲ. ನಾನೂ ನಕ್ಕೆ. ಹುಣ್ಣಿಮಿ ಊಟ ಮುಗಿಯೂದಕ್ಕ ನೀ ಕಂಬಳಿ ಮಡಚಿ ಬಸ್ಸು ಹತ್ತಿದಿ. ಮಗಳ ಬಾಣಂತನಕ್ಕ ಹೋಗ್ಯಾಳ ಅಂತ ಎಲ್ಲರಿಗೂ ಹೇಳಿದೆ. ಬಾಣಂತನಕ್ಕ ಇನ್ನಾ ಮೂರು ತಿಂಗಳಿತ್ತು ಅಂತ ನನಗ ಗೊತ್ತಿರಲಿಲ್ಲೇನು.

ಮೊನ್ನೆ ಸೋಮಾರ ಮುಂಜಾನಿ ಮೇಡಮ್ಮು ಹೇಳದಂಗ ಬಂದ್ರು. ಬೋರಿನ ಮಗ್ಗಲ ಕಲ್ಲಿನ ಮ್ಯಾಲ ಕುಂತು, ‘ನೀವು ಹೇಗೆ ತೆಗೀತೀರಿ ತೋರಿಸಿ ಗಾದೆಪ್ಪ’ ಅಂದ್ರು. ನಾ ಹುರುಪಿಲೆ ತೋರಿಸಿದೆ. ನೀರು ಎತ್ತೋ ಗಾಜಿನಂಥ ಕೊಳವಿ ಬೋರಿನೊಳಗ ಬಿಟ್ಟೆ, ಎತ್ತಿದೆ, ಚೆಲ್ಲಿದೆ. ಮತ್ತೊಮ್ಮೆ ಎತ್ತಿದೆ, ಚೆಲ್ಲಿದೆ. ನಾಕೈದು ಸಲ ಹಂಗ ಮಾಡಿ, ತಿಳಿ ಆದ ಮ್ಯಾಲ, ಕಲ್ಲು ಕಟ್ಟಿ ತಳಕ್ಕ ಬಿಟ್ಟು ಸೀಸಾ ತುಂಬಿದೆ.

‘ಮೊದಲನೇದು ಯಾಕೆ ಚೆಲ್ಲಿದ್ರಿ?’

‘ಮ್ಯಾಲಿನ ನೀರು ಮಂದಿಗೆ ಕೊಡಬಾರದ್ರಿ ಮೇಡಂ. ಕೊಡದ ಬುಡದಿಂದ ಸರಸಿ, ಒಳಗಿಂದ ತುಂಬಿ ಕೊಡಬೇಕು. ನಮ್ಮವ್ವ ಕಲಿಸ್ಯಾಳ.’

ಅವರು ಬೈಲಿಲ್ಲಬೇ. ಬೈದಿದ್ರ ಚೊಲೊ ಇತ್ತು. ಮತ್ತೊಂದು ಬೋರಿಗೆ ತಾವ ಕೊಳವಿ ಬಿಟ್ರು, ನೀರಿಗೆ ಮುಟ್ಟಿದ್ದ ತಡ ಮೆಲ್ಲಕ ಎತ್ತಿದ್ರು, ಬಿಸಲಿಗೆ ಹಿಡದ್ರು. ಕೆಳಗ ನೀರು, ಮ್ಯಾಲ ಹೆಬ್ಬೆರಳು ದಪ್ಪ ಡೀಸೆಲ್ಲು. ‘ಇದು ತೇಲುತ್ತೆ ಗಾದೆಪ್ಪ. ಇದನ್ನೇ ಹುಡುಕೋಕೆ ನಿಮ್ಮನ್ನ ಇಟ್ಟಿದ್ದು. ಹೇಗೆ ತೆಗೀಬೇಕು ಅಂತ ಹೇಳಿದ್ದೆ, ಯಾಕೆ ಅಂತ ಹೇಳಲಿಲ್ಲ. ನನ್ನ ತಪ್ಪೂ ಇದೆ’ ಅಂದ್ರು.

ಎಷ್ಟು ನಾಜೂಕಾಗಿ, ಎಷ್ಟು ಮರ್ಯಾದಿಲೆ ಸುಳ್ಳು ನೀರು ಕಳಿಸೀನಿ ನೋಡು, ಆ ಐದು ತಿಂಗಳು.

ಆಮ್ಯಾಲ ಕುಂತು ವಿಚಾರ ಮಾಡಿದೆ, ಕುರಿಗೆ ಹೆಂಗ ಗೊತ್ತಾತು ಅಂತ. ಬಾವ್ಯಾಗ ನಾವು ಸರಸಿದ ಮ್ಯಾಲಿನ ನೀರು ಎತ್ತಿ ಎಲ್ಲಿ ಹಾಕತಿದ್ವಿ? ಕುರಿ ಬಾನಿಗೆ. ಒಳಗಿನ ನೀರು ನಮಗ, ಮ್ಯಾಲಿಂದು ಅವಕ್ಕ. ನಮಗ ವಾಸನಿ ಹತ್ತಲಿಲ್ಲ, ಅವು ದಿನಾ ಮೂಗು ಇಟ್ಟು ನೋಡತಿದ್ವು. ನೀ ಅವನ್ನ ನೋಡತಿದ್ದಿ. ನಾ ಕಾಗದ ನೋಡತಿದ್ದೆ.

ಒಳಗಿನ ನೀರಿಗೂ ಅದರ ವಿಷ ಕರಗಿ ಇಳದಿರತೈತಂತ, ಕಣ್ಣಿಗೆ ಕಾಣಂಗಿಲ್ಲಂತ. ಹನ್ನೊಂದು ಮನಿ ಕುಡದಾವು. ಬುಧವಾರ ಅದ ಕಟ್ಟಿ ಮ್ಯಾಲ ನಿಂತು ಎಲ್ಲಾ ಹೇಳಿದೆ. ನಮ್ಮಕ್ಕ ಹೇಳಿದ್ದು ಖರೆ ಇತ್ತು, ನಾ ಅಕಿ ಬಾಯಿ ಮುಚ್ಚಿಸಿದೆ ಅಂದೆ. ಯಾರೂ ನಗಲಿಲ್ಲ. ಹಾಲೇಶಪ್ಪ ಒಬ್ಬನ ಕೇಳಿದ, ‘ನಮ್ಮ ಹುಡುಗ್ರು ಕುಡದಾರಲ್ಲೋ ಗಾದೆಪ್ಪ, ಅವಕ್ಕೇನಾಗತೈತಿ?’ ಗೊತ್ತಿಲ್ಲೋ ಅಂದೆ. ಡಾಕ್ಟರು ಬಂದು ಎಲ್ಲರ ರಕ್ತ ಹಿಡಕೊಂಡು ಹೋಗ್ಯಾರ. ಈಗ ಟ್ಯಾಂಕರ್ ನೀರು ಬರತೈತಿ. ಬೋರ್ಡಿನ ಅಕ್ಷರ ಕುಡಗೋಲಿಲೆ ಕೆರದು ತಗದೀನಿ. ಮೋಟ್ರು ಮತ್ತ ಶುರು ಆಗೈತಿ, ಈಗ ಹಿಂದ ಕೇಳಾಕತ್ತೈತಲ್ಲ, ಅದ ಸಪ್ಪಳ. ಎರಡು ವರ್ಷ ಹಿಡೀಬಹುದು ಅಂತಾರ, ಹೆಚ್ಚೂ ಆಗಬಹುದು. ನನ್ನ ಕೆಲಸದಿಂದ ತಗೀತಾರ ಅನ್ಕೊಂಡಿದ್ದೆ, ತಗದಿಲ್ಲ. ಯಾಕ ಅಂತ ಕೇಳಾಕ ಧೈರ್ಯ ಇಲ್ಲ.

ಅಕ್ಕಾ, ಗಂಗವ್ವನ ಪೂಜಿ ಅಲ್ಲೇ ಹೊಳಿ ದಂಡಿಗೆ ಮಾಡಿಬಿಡು. ತವರುಮನಿ ನೀರ ಆಗಬೇಕು ಅಂತ ಹಟ ಹಿಡಿಬ್ಯಾಡ. ಕರದ್ರ ನಾ ಬರ್ತೀನಿ, ಕರೀಲಿಲ್ಲಂದ್ರ ತಪ್ಪು ತಿಳಿಯಂಗಿಲ್ಲ. ಇನ್ನೊಂದು ಮಾತು, ಇದನ್ನ ಎರಡು ಸಲ ಕೇಳು. ಮುಂದ ಒಂದಿನ ಮತ್ತ ‘ನೀರು ಸ್ವಚ್ಛ ಆತು, ಬಾ’ ಅಂತ ನಾ ಹೇಳಿ ಕಳಿಸಿದ್ರ, ನಂಬಬ್ಯಾಡ. ನೀನ ಒಬ್ಬಾಕಿ ಬಾ, ಕೂಸಿನ್ನ ಬಿಟ್ಟು. ನನ್ನ ಮಗ್ಗಲ ನಿಂತು ನಾ ಹೆಂಗ ತಗೀತೀನಿ ನೋಡು. ನೀ ಹೂಂ ಅಂದ ಮ್ಯಾಲ ಆ ಬೋರ್ಡು ಬರೀತೀನಿ, ಅಲ್ಲೀತನಕ ಬರಿಯಂಗಿಲ್ಲ.

ಕೂಸು ಗಟ್ಟಿ ಬೆಳೀಲಿ, ನಿನ್ನಂಗ ಕಂಡದ್ದು ಕಂಡಂಗ ಹೇಳಲಿ. ರೋಜಾ ತಂಪಾಗಿರಲಿ. ನಿನ್ನ ಪಾದಕ್ಕ ಹಣಿ ಹಚ್ಚಿ ಮುಗಸ್ತೀನಿ.

ನಿನ್ನ ತಮ್ಮ,
ಗಾದೆಪ್ಪ